ಆಗಂಗಿಲ್ಲ ಅನ್ನೂದಾದ್ರ ಬರದು ಕೊಡ್ರಿ!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಣ್ಣಂದಿರೇ, ಅಕ್ಕಂದಿರೇ, ತಾಯಂದಿರೇ!

ಒಂದು ಖೋಲಿ! ನಾವು ಕೇಳುತ್ತಿರುವುದು ಬರೀ ಒಂದು ಖೋಲಿ!

ಬಂಗಲೆ ಕೇಳಲಿಲ್ಲ. ಸರಕಾರದ ಜಾಗ ಕೇಳಲಿಲ್ಲ. ಬಾಜೂ ಮನೆಯವರ ಗೋಡೆ ಒತ್ತಲಿಲ್ಲ. ಅಪ್ಪ-ಅಜ್ಜ ಬಿಟ್ಟುಹೋದ ನಮ್ಮದೇ ಜಾಗದಲ್ಲಿ, ನಮ್ಮದೇ ದುಡಿಮೆಯ ದುಡ್ಡಿನಲ್ಲಿ, ಇದ್ದ ಮನೆಗೆ ಇನ್ನೊಂದು ಖೋಲಿ ಕೂಡಿಸುತ್ತೇವೆ ಅಂದೆವು. ಕದ್ದು ಕಟ್ಟುತ್ತೇವೆ ಅನ್ನಲಿಲ್ಲ. ಪರವಾನಗಿ ಕೊಡಿ ಅಂತ ಕೇಳಿದೆವು.

ಸಿಕ್ಕಿದ್ದೇನು? "ನಾಳಿ ಬರ್ರಿ." ನಾಳೆ ಹೋದರೆ "ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ." ಸೋಮವಾರ ಹೋದರೆ "ಸರ್ವರ್ ಬಂದ್ ಅದ." ಮುಂದಿನ ಸೋಮವಾರ ಹೋದರೆ "ಆ ಉತಾರ ತಂದೀರೇನು?" ಆ ಉತಾರ ತಂದರೆ "ಇದಲ್ಲ, ಇನ್ನೊಂದು."

ಎಷ್ಟು ಸಲ ಹೋಗಬೇಕು? ಎಷ್ಟು ದಿನದ ಕೂಲಿ ಬಿಡಬೇಕು? ನೀವೇ ಹೇಳಿ!

ನೋವು ಯಾರ ಮನೆಯಲ್ಲಿದೆ?

ನಮ್ಮ ಓಣಿಗಳಲ್ಲಿ ಒಮ್ಮೆ ತಿರುಗಾಡಿ ನೋಡಿ.

ಅಣ್ಣ-ತಮ್ಮ ಇಬ್ಬರ ಮದುವೆ ಆಗಿದೆ. ಮನೆ ಮಾತ್ರ ಅಜ್ಜ ಕಟ್ಟಿದ್ದೇ. ಒಂದು ಪಡಸಾಲೆ, ಒಂದು ಅಡಿಗೆ ಮನೆ, ಒಂದು ಒಳಗಿನ ಖೋಲಿ. ನಡುವೆ ಹಳೇ ಸೀರೆ ಕಟ್ಟಿ ಎರಡು ಸಂಸಾರ ನಡೆಯುತ್ತಿವೆ. ಹೊಸದಾಗಿ ಬಂದ ಸೊಸೆ ಸೀರೆಯ ಮರೆಯಲ್ಲಿ ಬಟ್ಟೆ ಬದಲಿಸುತ್ತಾಳೆ. ಮಾವ ಊಟ ಮುಗಿಸಿ, ಕಂಬಳಿ ಹಿಡಿದು, ಗುಡಿಯ ಕಟ್ಟೆಗೆ ಮಲಗಲು ಹೋಗುತ್ತಾನೆ. ಎಪ್ಪತ್ತು ವಯಸ್ಸಿನ ಮುದುಕ! ತನ್ನ ಮನೆ ಇದ್ದೂ!

ಪಿಯುಸಿ ಓದುವ ಹುಡುಗಿ ಇದ್ದಾಳೆ. ಓದಲಿಕ್ಕೆ ಜಾಗ ಇಲ್ಲ. ಒಂದು ಮೂಲೆಯಲ್ಲಿ ಟಿವಿ, ಇನ್ನೊಂದು ಮೂಲೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ, ತೊಟ್ಟಿಲಲ್ಲಿ ಅಣ್ಣನ ಕೂಸು. ಎಲ್ಲರೂ ಮಲಗಿದ ಮೇಲೆ ದೀಪ ಹಚ್ಚಿದರೆ ಕೂಸು ಏಳುತ್ತದೆ. ಅವಳ ಪರೀಕ್ಷೆ ನಮ್ಮ ಕಾಗದಕ್ಕೆ ಕಾಯುತ್ತದೆಯೇ?

ಮಂಡಿನೋವಿನ ತಾಯಿ ಇದ್ದಾಳೆ. ರಾತ್ರಿ ಎರಡು ಗಂಟೆಗೆ ಹಿತ್ತಲು ದಾಟಿ, ಕೆಸರು ತುಳಿದು, ಬ್ಯಾಟರಿ ಹಿಡಿದು ಶೌಚಕ್ಕೆ ಹೋಗಬೇಕು. ಮನೆಗೆ ಹತ್ತಿ ಒಂದು ಬಚ್ಚಲು-ಸಂಡಾಸು ಕಟ್ಟಿದರೆ ಮುಗಿಯಿತು. ಆರು ಅಡಿ, ನಾಲ್ಕು ಅಡಿ! ಅದಕ್ಕೂ ಅಲೆದಾಟ!

ಗೋವಾಕ್ಕೆ ಗುಳೆ ಹೋದ ತಮ್ಮ ಇದ್ದಾನೆ. ವರ್ಷಗಟ್ಟಲೆ ಅಲ್ಲಿ ಇನ್ನೊಬ್ಬರ ಮನೆಗೆ ಕಾಲಂ ಎಬ್ಬಿಸಿದ, ಸ್ಲ್ಯಾಬ್ ಹಾಕಿದ, ಗಿಲಾವ ಮಾಡಿದ. ತಗಡಿನ ಶೆಡ್ಡಿನಲ್ಲಿ ಮಲಗಿ ದುಡ್ಡು ಉಳಿಸಿದ. ಊರಿಗೆ ಬಂದು ತನ್ನ ಮನೆಗೆ ಒಂದು ಖೋಲಿ ಕಟ್ಟಲು ಹೋದರೆ ಕಾಗದ ಇಲ್ಲ! ಊರವರ ಮನೆ ಕಟ್ಟಿದ ಕೈಗೆ ತನ್ನ ಮನೆ ಕಟ್ಟುವ ಹಕ್ಕಿಲ್ಲವೇ?

ಗಂಡ ತೀರಿಕೊಂಡ ಅಕ್ಕ ಇದ್ದಾಳೆ. ಓಣಿಯ ಕಡೆ ಒಂದು ಸಣ್ಣ ಖೋಲಿ ಕಟ್ಟಿ, ಹೊಲಿಗೆ ಮಷಿನ್ ಇಟ್ಟು, ಮಕ್ಕಳನ್ನು ಸಾಕುತ್ತೇನೆ ಅಂದಳು. ಖಾತೆ ಇನ್ನೂ ಗಂಡನ ಹೆಸರಲ್ಲೇ ಇದೆ. ಹೆಸರು ಬದಲಾಗದೆ ಪರವಾನಗಿ ಇಲ್ಲ. ಹೆಸರು ಬದಲಿಸಲು ವಾರಸಾ ಪ್ರಮಾಣಪತ್ರ, ಅದಕ್ಕೆ ಮತ್ತೊಂದು ಕಚೇರಿ. ಅವಳ ಹೊಲಿಗೆ ಮಷಿನ್ ಪಡಸಾಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ.

ಇವರು ಯಾರು? ನಾವೇ! ನೀವೇ! ನಮ್ಮ ಅಕ್ಕ, ನಮ್ಮ ತಮ್ಮ, ನಮ್ಮ ಅವ್ವ!

ನನ್ನ ಮನೆಯ ಮಾತು ಕೇಳಿ

ಈ ಕರಪತ್ರ ಬರೆದವನ ಮನೆಯಲ್ಲೂ ಇದೇ ಆಯಿತು.

ನಮ್ಮದು ಮಾಳಿಗೆ ಮನೆ. ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮೇಲ್ಮುದ್ದೆ. ಮಗನ ಮದುವೆ ನಿಶ್ಚಯ ಆಯಿತು. ಹಿಂದಿನ ಖಾಲಿ ಜಾಗದಲ್ಲಿ ಒಂದು ಖೋಲಿ ಎಬ್ಬಿಸೋಣ ಅಂದುಕೊಂಡೆ. ಪರವಾನಗಿ ಕೇಳಲು ಹೋದೆ. ಒಂದಲ್ಲ, ಎರಡಲ್ಲ, ಏಳು ಸಲ ಹೋದೆ. ಏಳು ಸಲವೂ ಬಾಯಿಮಾತು. ಯಾರೂ ಅರ್ಜಿ ಇಸಿದುಕೊಳ್ಳಲಿಲ್ಲ. ನಾನೂ ಕೊಟ್ಟೇ ಬಿಡುತ್ತೇನೆ ಅಂತ ಹಟ ಹಿಡಿಯಲಿಲ್ಲ.

ಕಡೆಗೆ ಕಚೇರಿಯ ಬಾಗಿಲಲ್ಲಿ ಒಬ್ಬ ಸಿಕ್ಕ. "ಏನ್ರಿ ಕಾಕಾ, ಇಷ್ಟಕ್ಕ ಯಾಕ ತಿರಗಾಡ್ತೀರಿ? ಕಟ್ಕೋರಿ ಸುಮ್ನ. ಯಾರ ಕೇಳ್ತಾರ? ನಾ ನೋಡ್ಕೋತೀನಿ" ಅಂದ. ನೋಡಿಕೊಳ್ಳುವುದಕ್ಕೆ ದುಡ್ಡನ್ನೂ ಇಸಿದುಕೊಂಡ.

ಕಟ್ಟಿದೆ. ಪಾಯಾ ತೆಗೆದಾಗ ಯಾರೂ ಬರಲಿಲ್ಲ. ಗೋಡೆ ಎದ್ದಾಗ ಯಾರೂ ಬರಲಿಲ್ಲ. ಸ್ಲ್ಯಾಬ್ ಬಿದ್ದ ಮೇಲೆ ನೋಟಿಸು ಬಂತು! ಅನಧಿಕೃತ ಕಟ್ಟಡ ಅಂತ! ನೋಡಿಕೊಳ್ಳುತ್ತೇನೆ ಅಂದವನ ಫೋನು ಅಂದಿನಿಂದ ಬಂದ್.

ಅವನು "ಕಟ್ಕೋ" ಅಂದದ್ದಕ್ಕೆ ಕಾಗದ ಇಲ್ಲ. ನಾನು ಏಳು ಸಲ ಕೇಳಿದ್ದಕ್ಕೂ ಕಾಗದ ಇಲ್ಲ. ಕಾಗದ ಇದ್ದದ್ದು ಒಂದಕ್ಕೇ: ನಾನು ತಪ್ಪಿತಸ್ಥ ಅನ್ನುವುದಕ್ಕೆ!

ಮದುವೆಗೆ ಇಟ್ಟ ದುಡ್ಡು ಅದರ ಹಿಂದೆ ಹೋಯಿತು. ಮಗ ಮಾತು ಬಿಟ್ಟ. ಮನೆಯವಳು ನೋಟಿಸು ಕಂಡ ದಿನ ಒಲೆ ಹಚ್ಚಲಿಲ್ಲ. ನಿಮಗೆ ಹಾಗೆ ಆಗಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಬಾಯಿಮಾತೇ ಬೋನು!

ಅಣ್ಣಂದಿರೇ, ನಮ್ಮನ್ನು ಕೊಲ್ಲುತ್ತಿರುವುದು ಕಾಯ್ದೆ ಅಲ್ಲ. ಬಾಯಿಮಾತು!

"ಆಗಂಗಿಲ್ಲ" ಅನ್ನುವುದೂ ಬಾಯಿಮಾತು. "ಕಟ್ಕೋ" ಅನ್ನುವುದೂ ಬಾಯಿಮಾತು. ಮೊದಲನೆಯದು ನಮ್ಮನ್ನು ಅಲೆಸುತ್ತದೆ. ಎರಡನೆಯದು ನಮ್ಮನ್ನು ಸಿಕ್ಕಿಸುತ್ತದೆ. ಎರಡರ ನಡುವೆ ಚಾ-ಪಾನಿ ಹೆಸರಲ್ಲಿ ನಮ್ಮ ಬೆವರು ಹರಿದುಹೋಗುತ್ತದೆ.

ಪರವಾನಗಿ ಬೇಡ ಅಂತ ನಾವು ಹೇಳುತ್ತಿಲ್ಲ. ಪರವಾನಗಿ ಬೇಕು! ಬೇಕೇ ಬೇಕು! ನಮ್ಮದು ಎರೆಮಣ್ಣಿನ ಸೀಮೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ನೆಲ ಸಿಗುವವರೆಗೆ ಪಾಯಾ ತೆಗೆಯದಿದ್ದರೆ ಗೋಡೆ ಸೀಳುತ್ತದೆ. ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬ್ ಹೇರಿದರೆ ಒಂದು ಮಳೆಗಾಲಕ್ಕೆ ಕೂರುತ್ತದೆ. ಕೆಳಗೆ ಮಲಗಿದವರು ಯಾರು? ನಮ್ಮ ಮಕ್ಕಳು!

ನಕ್ಷೆ ನೋಡಬೇಕು, ಎಂಜಿನಿಯರ್ ಬಂದು ಗೋಡೆ ತಟ್ಟಿ ನೋಡಬೇಕು, ಬಾಜೂದವರ ಗಾಳಿ-ಬೆಳಕು ಉಳಿಯಬೇಕು, ಗಟಾರಕ್ಕೆ ಜಾಗ ಬಿಡಬೇಕು. ಅದಕ್ಕೇ ಪರವಾನಗಿ ಇರುವುದು. ಪರವಾನಗಿಗೆ ಅಲೆಸಿ ಅಲೆಸಿ ಜನರನ್ನು ಕದ್ದು ಕಟ್ಟುವುದಕ್ಕೆ ದೂಡಿದರೆ ಎಂಜಿನಿಯರೂ ಇಲ್ಲ, ನಕ್ಷೆಯೂ ಇಲ್ಲ. ರಾತ್ರೋರಾತ್ರಿ ಗೌಂಡಿ ಅಂದಾಜಿನಲ್ಲಿ ಕಟ್ಟಿದ ಗೋಡೆ ಮಾತ್ರ. ಅದು ಬಿದ್ದಾಗ ಸಾಯುವವರು ನಾವೇ!

ಕಟ್ಟಿದ ಮೇಲೂ ಬಿಡುವುದಿಲ್ಲ!

"ಹೇಗೋ ಕಟ್ಟಿಬಿಡೋಣ, ಮುಂದೆ ನೋಡೋಣ" ಅನ್ನುವ ಕಾಲ ಹೋಯಿತು. ಕೇಳಿ!

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮೀರತ್ ನಗರದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದಿತು. ಬ್ಯಾಂಕುಗಳೂ ಆ ಪತ್ರ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದಿತು. ಆ ತೀರ್ಪು ಇಡೀ ದೇಶಕ್ಕೆ!

ಎಲ್ಲೋ ಮೀರತ್ತಿನ ತೀರ್ಪು. ಮೀಟರ್ ಇಲ್ಲದೆ ಕತ್ತಲಲ್ಲಿ ಕೂರುವವರು ನಮ್ಮೂರ ಮಾಳಿಗೆಯ ಮೇಲಿನ ಗಂಡ-ಹೆಂಡತಿ. ಕೆಳಗಿನ ಮನೆಯಿಂದ ವೈರು ಎಳೆದುಕೊಳ್ಳುತ್ತಾರೆ. ಬಿಲ್ಲಿಗಾಗಿ ಅಣ್ಣ-ತಮ್ಮಂದಿರ ನಡುವೆ ಜಗಳ. ಮಳೆಗಾಲದಲ್ಲಿ ಆ ವೈರಿನ ಭಯ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲು, ಪತ್ರಾಸಿನ ಕೆಳಗೆ ಫ್ಯಾನೂ ಇಲ್ಲದೆ ಬೇಯುವ ಕೂಸು!

ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪ್ರಮಾಣಪತ್ರ ಕೊಡದೇ ಇದ್ದುದಕ್ಕೆ ಜನ ಹಾಕಿದ ಅರ್ಜಿ, ಮೇಲ್ಮನವಿಗಳನ್ನು 90 ದಿನದೊಳಗೆ ತೀರ್ಮಾನಿಸಿ ಅಂತ ಕೋರ್ಟು ಹೇಳಿದೆ. ನಮಗೆ ಸಂಪರ್ಕ ಇಲ್ಲ ಅನ್ನುವ ಸಾಲನ್ನು ಎಲ್ಲರೂ ಓದಿ ಹೇಳಿದರು. 90 ದಿನದ ಸಾಲನ್ನು ಯಾರು ಓದಿ ಹೇಳಿದರು?

ತೆರಿಗೆ ಬೇಕು, ಪರವಾನಗಿ ಬೇಡವೇ?

ಖಾತೆಯ ಕಥೆ ನೋಡಿ. 2025ರ ಫೆಬ್ರವರಿಯಲ್ಲಿ ಊರೂರಲ್ಲಿ, ಸಕ್ರಮವಲ್ಲದ ಜಾಗಕ್ಕೂ ಖಾತೆ ಕೊಡುವ ಬಿ-ಖಾತಾ ಅಭಿಯಾನ ಬಂತು. ಮೂರು ತಿಂಗಳಲ್ಲಿ ಮುಗಿಸಿ ಅಂದರು. ಗುಂಟಾ ಲೆಕ್ಕದಲ್ಲಿ ಪ್ಲಾಟ್ ಕೊಂಡ ಬಡವರು ಸಾಲುಗಟ್ಟಿ ನಿಂತೆವು. ತೆರಿಗೆ ಕಟ್ಟಿದೆವು, ಪಾವತಿ ಇಸಿದುಕೊಂಡೆವು. ಆದರೆ ಬಿ-ಖಾತೆ ಬಂದ ಮಾತ್ರಕ್ಕೆ ಜಾಗ ಸಕ್ರಮ ಆಗುವುದಿಲ್ಲ. ಎನ್.ಎ. (ಕೃಷಿಯೇತರ) ಆಗದ ಜಾಗದಲ್ಲಿ ಪ್ಲಾಟ್ ಮಾರಿದವನು ದುಡ್ಡು ಎಣಿಸಿಕೊಂಡು ಹೋದ. ಖೋಲಿ ಕಟ್ಟಲಾಗದೆ ಕೂತವರು ನಾವು!

ಕಟ್ಟಡಗಳ ಅಕ್ರಮ-ಸಕ್ರಮ ಯೋಜನೆಯ ದಾರಿ ಕಾದೆವು. ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಂದು ತೊಟ್ಟಿಲಲ್ಲಿದ್ದ ಕೂಸುಗಳು ಇಂದು ಪಾಟಿಚೀಲ ಹೊತ್ತು ಶಾಲೆಗೆ ಹೋಗುತ್ತಿವೆ!

ಹಳ್ಳಿಯ, ತಾಂಡಾದ, ಹಿನ್ನೀರಿನ ದಂಡೆಯ ಬಂಧುಗಳೇ!

ಇದು ಪೇಟೆಯವರ ಗೋಳಷ್ಟೇ ಅಲ್ಲ.

2023ರ ಜನವರಿ 19ರಂದು ಮಳಖೇಡದಲ್ಲಿ ದೊಡ್ಡ ಸಭೆ ಆಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಜೊತೆ ನಮ್ಮ ವಿಜಯಪುರ ಜಿಲ್ಲೆಯ ತಾಂಡಾದವರಿಗೂ ಪ್ರಧಾನಿಯವರ ಕೈಯಿಂದ ಹಕ್ಕುಪತ್ರ ಹಂಚುವ ಸಭೆ ಅದು. ತಲೆತಲಾಂತರದ ಗುಡಿಸಲಿಗೆ ಕಾಗದ ಬಂತು, ಸಂತೋಷ! ಆದರೆ ಹಕ್ಕುಪತ್ರ ಕೈಗೆ ಬಂದ ಮೇಲೆ ಇ-ಸ್ವತ್ತು ಆಗಬೇಕು, ನಮೂನೆ-9 ಬರಬೇಕು, ನಮೂನೆ-11 ಬರಬೇಕು. ಆಮೇಲೆ ಖೋಲಿಯ ಮಾತು. ಹಕ್ಕುಪತ್ರಕ್ಕೆ ಫ್ರೇಮ್ ಹಾಕಿ ಗೋಡೆಗೆ ತೂಗು ಹಾಕಿದ್ದೀರಿ, ಅದೇ ಗೋಡೆಯ ಪಕ್ಕ ಇನ್ನೊಂದು ಗೋಡೆ ಎಬ್ಬಿಸಲು ಆಗಿಲ್ಲ ಅಲ್ಲವೇ?

ಹಿನ್ನೀರಿನ ದಂಡೆಯವರೇ, ನಿಮ್ಮ ನೋವು ಎಲ್ಲರಿಗಿಂತ ದೊಡ್ಡದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು. ನಾಡಿಗೆ ನೀರು ಬರಲಿ ಅಂತ ನೀವು ಊರು ಬಿಟ್ಟಿರಿ. ಪುನರ್ವಸತಿ ಕೇಂದ್ರದಲ್ಲಿ ಒಂದು ಸಂಸಾರಕ್ಕೆ ಅಂತ ಕೊಟ್ಟ ಜಾಗದಲ್ಲಿ ಇಂದು ಮಕ್ಕಳು, ಮೊಮ್ಮಕ್ಕಳು. 2010ರ ಡಿಸೆಂಬರ್ 30ರಂದು ನದಿ ನೀರು ಹಂಚಿಕೆಯ ನ್ಯಾಯಮಂಡಳಿ ಆ ಆಣೆಕಟ್ಟನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸಲು ಒಪ್ಪಿತು. ಅಂದಿನಿಂದ ಮುಳುಗುವ ಪಟ್ಟಿಯ ಊರುಗಳಲ್ಲಿ ಯಾರ ಕೈಯೂ ಗಾರೆಗೆ ಏಳುತ್ತಿಲ್ಲ. ಮುಳುಗುವ ಮನೆಗೆ ಖೋಲಿ ಕಟ್ಟುವುದು ಹೇಗೆ? ಕಟ್ಟದೆ ಇರುವುದು ಹೇಗೆ? ಹದಿನೈದು ವರ್ಷ ಸೋರುವ ಮಾಳಿಗೆಯ ಕೆಳಗೆ ಕಾಯಿರಿ ಅಂದರೆ ಅದು ಮನುಷ್ಯರಿಗೆ ಹೇಳುವ ಮಾತೇ?

ಇಂಡಿ, ಸಿಂದಗಿಯ ಭೀಮಾ ತೀರದವರೇ! 2020ರ ಅಕ್ಟೋಬರ್ ನೆನಪಿದೆಯೇ? ಹೊಳೆ ಬಂತು, ಗೋಡೆ ನೆನೆಯಿತು, ಮಾಳಿಗೆ ಕುಸಿಯಿತು. ಬಿದ್ದ ಅರ್ಧ ಮನೆಯನ್ನು ಎತ್ತಿ ಕಟ್ಟುವುದಕ್ಕೂ ಅಲೆಯಬೇಕೇ?

ಕಾಯ್ದೆ ನಮ್ಮ ಕಡೆಗೂ ಇದೆ!

ಯಾರೂ ಹೇಳದ್ದನ್ನು ನಾವು ಹೇಳುತ್ತೇವೆ. ಓದಲು ಬಾರದವರಿಗೆ ಓದಿ ಹೇಳಿ. ಮನೆಯ ಗೋಡೆಗೆ ಅಂಟಿಸಿ.

ಒಂದು. ಪೇಟೆಯಲ್ಲಿ 1964ರ ಪುರಸಭೆಗಳ ಕಾಯ್ದೆ ನಡೆಯುತ್ತದೆ. ಹೊಸ ಮನೆಗಷ್ಟೇ ಅಲ್ಲ, ಇದ್ದ ಮನೆಗೆ ಕೂಡಿಸುವುದಕ್ಕೂ ಪರವಾನಗಿ ಬೇಕು. ಅರ್ಜಿ ಕೊಡುವುದು ನಮ್ಮ ಕೆಲಸ. ಉತ್ತರ ಕೊಡುವುದು ಅವರ ಕೆಲಸ!

ಎರಡು. ಕಟ್ಟಡ ಪರವಾನಗಿ ಸಕಾಲ ಸೇವೆಯಲ್ಲಿದೆ. 2012ರ ಏಪ್ರಿಲ್ 2ರಿಂದ ಸಕಾಲ ಇಡೀ ರಾಜ್ಯಕ್ಕೆ ಬಂದಿದೆ. ಅರ್ಜಿ ಕೊಟ್ಟ ಕೂಡಲೇ ಸಕಾಲ ನಂಬರಿನ ಸ್ವೀಕೃತಿ ಚೀಟಿ ಕೇಳಿ. ಎಷ್ಟು ದಿನದಲ್ಲಿ ಮುಗಿಯಬೇಕು ಅನ್ನುವ ಲೆಕ್ಕ ಅಲ್ಲಿಂದ ಶುರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ನಮಗೆ ಪರಿಹಾರ, ಅದೂ ತಡ ಮಾಡಿದವರ ಕಿಸೆಯಿಂದ! ದುಡ್ಡು ಸಣ್ಣದು. ತಡ ಮಾಡಿದ್ದು ಬರಹದಲ್ಲಿ ದಾಖಲಾಗುತ್ತದಲ್ಲ, ಅದು ದೊಡ್ಡದು!

ಮೂರು. ಹಳ್ಳಿಯವರೇ, ಇದನ್ನು ಬಾಯಿಪಾಠ ಮಾಡಿ. 1993ರ ಪಂಚಾಯತ್ ರಾಜ್ ಕಾಯ್ದೆ, 64ನೇ ಕಲಂ. ಅರ್ಜಿ ಕೊಟ್ಟ 60 ದಿನದಲ್ಲಿ ಗ್ರಾಮ ಪಂಚಾಯತಿ ಕೊಡುತ್ತೇವೆ, ಕೊಡುವುದಿಲ್ಲ ಅಂತ ತಿಳಿಸದಿದ್ದರೆ ಪರವಾನಗಿ ಕೊಟ್ಟಂತೆಯೇ ಲೆಕ್ಕ! ನಿಯಮ ಮೀರದೆ ಕೆಲಸ ಶುರು ಮಾಡಬಹುದು. ಆದರೆ 60 ದಿನ ಎಣಿಸುವುದು ಎಲ್ಲಿಂದ? ಸ್ವೀಕೃತಿಯ ತಾರೀಖಿನಿಂದ! ಸ್ವೀಕೃತಿ ಇಲ್ಲದವನಿಗೆ 60 ವರ್ಷವಾದರೂ ಅಷ್ಟೇ!

ನಾಲ್ಕು. ನೋಟಿಸು ಬಂತೇ? ಹೆದರಬೇಡಿ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದೆ: ಉತ್ತರ ಕೊಡಲು 15 ದಿನ ಕೊಡದೆ ಯಾರ ಮನೆಯನ್ನೂ ಕೆಡವುವಂತಿಲ್ಲ. ನಮ್ಮ ಮಾತನ್ನು ಎದುರು ಕೂರಿಸಿ ಕೇಳಬೇಕು. ಕಾರಣ ಬರೆದು ಆದೇಶ ಮಾಡಬೇಕು. ಆದೇಶದ ಮೇಲೂ 15 ದಿನ ಬಿಡಬೇಕು. ರಸ್ತೆ, ಕೆರೆ-ಹೊಳೆಯ ಜಾಗ ಒತ್ತಿ ಕಟ್ಟಿದವರಿಗೆ ಈ ರಕ್ಷಣೆ ಇಲ್ಲ. ನೋಟಿಸಿಗೆ ಉತ್ತರ ಬರೆಯದೆ ಸುಮ್ಮನೆ ಕೂರಬೇಡಿ!

ಐದು. ಕಡತ ಎಲ್ಲಿ ಮಲಗಿದೆ ಗೊತ್ತಿಲ್ಲವೇ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಒಂದೇ ವಿಷಯ, 150 ಪದದೊಳಗೆ ಬರೆಯಿರಿ: "ನನ್ನ ಅರ್ಜಿ ಯಾವ ತಾರೀಖಿನಿಂದ ಯಾರ ಮೇಜಿನ ಮೇಲಿದೆ?" 30 ದಿನದಲ್ಲಿ ಉತ್ತರ ಕೊಡಲೇಬೇಕು!

ಆರು. ದುಡ್ಡು ಕೇಳಿದರೆ ಕೊಡುವ ಮುಂಚೆಯೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ತಿದ್ದಿದ ಮೇಲೆ ಲಂಚ ಕೊಟ್ಟವನೂ ತಪ್ಪಿತಸ್ಥ. ಆದರೆ ಒತ್ತಾಯಕ್ಕೆ ಸಿಕ್ಕು ಕೊಟ್ಟವನು 7 ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ಅವನಿಗೆ ಶಿಕ್ಷೆ ಇಲ್ಲ. ಏಳು ದಿನ! ಎಂಟನೇ ದಿನಕ್ಕೆ ಕಾಯಬೇಡಿ!

ಏಳು. ಇದ್ದ ಮನೆಗೆ ಖೋಲಿ ಕೂಡಿಸುವುದು ಬಡವರ ಅಗತ್ಯ ಅಂತ ಸರಕಾರವೇ ಒಪ್ಪಿದೆ. 2015ರ ಜೂನ್ 25ರಂದು ಶುರುವಾದ ನಗರದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹೊಸ ಮನೆಗೆ ಮಾತ್ರವಲ್ಲ, ಮನೆ ವಿಸ್ತರಣೆಗೂ ಕೇಂದ್ರದಿಂದ ಒಂದೂವರೆ ಲಕ್ಷ ರೂಪಾಯಿ ನೆರವು ಇಟ್ಟಿದ್ದರು. ಒಂದು ಕೈಯಲ್ಲಿ ನೆರವು ಇಟ್ಟು ಇನ್ನೊಂದು ಕೈಯಲ್ಲಿ ಬಾಗಿಲು ಮುಚ್ಚುವುದು ಯಾವ ನ್ಯಾಯ?

ನಮ್ಮ ಕಡೆಯ ತಪ್ಪನ್ನೂ ತಿದ್ದಿಕೊಳ್ಳೋಣ

ಕಚೇರಿಯವರನ್ನು ಕೇಳುವ ಮುಂಚೆ ನಮ್ಮ ಕಾಗದ ನಾವು ಜೋಡಿಸೋಣ.

ಪೇಟೆಯವರು ನಮೂನೆ-3ರ ಇ-ಖಾತೆ ಮಾಡಿಸಿ. ಸಿಟಿ ಸರ್ವೆ ಆದ ಕಡೆ ಆಸ್ತಿ ಪತ್ರಿಕೆ ತೆಗೆಸಿ. ಈ ವರ್ಷದ ಮನೆಪಟ್ಟಿ ಕಟ್ಟಿದ ಪಾವತಿ ಇಟ್ಟುಕೊಳ್ಳಿ. ತೀರಿಹೋದ ಹಿರಿಯರ ಹೆಸರಲ್ಲಿ ಖಾತೆ ಇದ್ದರೆ ಇಂದೇ ವಾರಸಾ ಅರ್ಜಿ ಹಾಕಿ. ವಾಟ್ನಿ ಆಗದ ಮನೆಯಾದರೆ ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ಒಪ್ಪಿಗೆ ಬರೆಸಿ, ಸಹಿ ಹಾಕಿಸಿ. ಲೈಸೆನ್ಸ್ ಇರುವ ಎಂಜಿನಿಯರ್ ಕೈಯಿಂದಲೇ ನಕ್ಷೆ ಬರೆಸಿ: ಇದ್ದ ಮನೆ ಒಂದು ಬಣ್ಣ, ಕೂಡಿಸುವ ಖೋಲಿ ಇನ್ನೊಂದು ಬಣ್ಣ. "ಈ ಹಳೇ ಗೋಡೆ ಸ್ಲ್ಯಾಬ್ ಹೊರುತ್ತದೆಯೇ?" ಅಂತ ಅವರನ್ನೇ ಕೇಳಿ. ಹೊರುವುದಿಲ್ಲ ಅಂದರೆ ಹಟ ಮಾಡಬೇಡಿ, ಬೇರೆ ಕಾಲಂ ಎಬ್ಬಿಸಿ.

ಶೇಕಡಾ ಒಂದರಷ್ಟು ಕಾರ್ಮಿಕ ಸೆಸ್ ಅಂತ ಕೇಳುತ್ತಾರೆ. 10 ಲಕ್ಷದೊಳಗಿನ ಸ್ವಂತ ವಾಸದ ಮನೆಯನ್ನು 1996ರ ಕಾಯ್ದೆಯಲ್ಲೇ ಅದರಿಂದ ಹೊರಗಿಟ್ಟಿದ್ದರು. ಯಾವ ಲೆಕ್ಕದಲ್ಲಿ ಕೇಳುತ್ತೀರಿ ಅಂತ ಬರಹದಲ್ಲಿ ಕೇಳಿ. ಎಷ್ಟೇ ಕಟ್ಟಿದರೂ ರಸೀದಿ ಇಲ್ಲದೆ ಒಂದು ಪೈಸೆ ಕಟ್ಟಬೇಡಿ!

ಗಟಾರದ ಮೇಲೆ ಮೆಟ್ಟಿಲು ಇಳಿಸಬೇಡಿ. ಓಣಿಗೆ ಛಜ್ಜಾ ಚಾಚಬೇಡಿ. ಹೆಣ ಹೊರುವ ದಾರಿಯೂ ಇಲ್ಲದಂತೆ ಓಣಿ ಇಕ್ಕಟ್ಟಾದರೆ ಅಳುವವರು ನಾವೇ. ಹಾಗೇ, ಹಳೇ ಸಿಟ್ಟಿಗೆ ಬಾಜೂದವರ ಅರ್ಜಿಗೆ ಸುಳ್ಳು ತಕರಾರು ಹಾಕಬೇಡಿ. ಇಂದು ಅವನ ಖೋಲಿ ನಿಂತರೆ ನಾಳೆ ನಿಮ್ಮದೂ ನಿಲ್ಲುತ್ತದೆ!

ಮೇಜಿನ ಆಚೆ ಕೂತವರಿಗೆ ಎರಡು ಮಾತು

ಸಾಹೇಬರೇ, ನೀವೂ ಮನೆಮಕ್ಕಳಿರುವವರು. ನಿಮ್ಮಲ್ಲಿ ನೆಟ್ಟಗೆ ಕೆಲಸ ಮಾಡುವವರಿದ್ದಾರೆ, ನಮಗೆ ಗೊತ್ತು. ಅವರಿಗೆ ಕೈ ಮುಗಿಯುತ್ತೇವೆ.

ನಾವು ಕೇಳುವುದು ಇಷ್ಟೇ. ಯಾವ ಯಾವ ಕಾಗದ ಬೇಕು, ಎಷ್ಟು ಶುಲ್ಕ, ಎಷ್ಟು ದಿನ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಬಾಗಿಲಲ್ಲೇ ಬರೆಸಿ ಹಾಕಿ. ಅರ್ಜಿ ಬೇಡ ಅಂತ ತಿರುಗಿಸಿ ಕಳಿಸಬೇಡಿ. ಕೊರತೆ ಇದ್ದರೆ ಎಲ್ಲವನ್ನೂ ಒಂದೇ ಸಲ ಬರೆದು ಕೊಡಿ. ಕೊಡಲು ಆಗುವುದಿಲ್ಲ ಅಂದರೆ ಯಾಕೆ ಆಗುವುದಿಲ್ಲ ಅಂತ ಬರೆದು ಸಹಿ ಹಾಕಿ. ಆ ಕಾಗದ ಹಿಡಿದು ನಾವು ಮೇಲ್ಮನವಿ ಹಾಕುತ್ತೇವೆ. ಬಾಯಿಮಾತು ಹಿಡಿದು ಯಾರ ಹತ್ತಿರ ಹೋಗೋಣ?

ಮುದ್ದೇಬಿಹಾಳದ ಕೂಲಿಕಾರ ಮೇಲಿನ ಕಚೇರಿ ಅಂತ ವಿಜಯಪುರಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಚಾರ್ಜು ಹೋಯಿತು. ಬುತ್ತಿ ಕಟ್ಟಿಕೊಂಡು ಹೋದವನು ಬರಿಗೈಲಿ ಬಂದಾಗ ಅವನ ಹೆಂಡತಿಯ ಮುಖ ಒಮ್ಮೆ ನೋಡಿ!

ಎದ್ದೇಳಿ! ಈ ವಾರವೇ!

ಬರುವ ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಹೋಗೋಣ. ಇಂಡಿಯವರು ಇಂಡಿಯಲ್ಲಿ, ಸಿಂದಗಿಯವರು ಸಿಂದಗಿಯಲ್ಲಿ, ಮುದ್ದೇಬಿಹಾಳದವರು ಮುದ್ದೇಬಿಹಾಳದಲ್ಲಿ, ಬಾಗೇವಾಡಿಯವರು ಬಾಗೇವಾಡಿಯಲ್ಲಿ. ಹಳ್ಳಿಯವರು ತಮ್ಮ ತಮ್ಮ ಪಂಚಾಯತಿಗೆ.

ಒಬ್ಬೊಬ್ಬರೇ ಹೋಗಬೇಡಿ. ಓಣಿಗೆ ಹತ್ತು ಮನೆಯವರು ಕೂಡಿ ಹೋಗಿ. ಓದು ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಕರೆದುಕೊಳ್ಳಿ. ಹೆಣ್ಣುಮಕ್ಕಳು ಮುಂದೆ ನಿಲ್ಲಿ. ಸೀರೆಯ ಮರೆಯಲ್ಲಿ ಬದುಕಿದವರು ನೀವು, ಮೊದಲ ಮಾತು ನಿಮ್ಮದು!

ಕೂಗಾಟ ಬೇಡ. ಕಲ್ಲು ಬೇಡ. ಯಾರ ಅಂಗಿಗೂ ಕೈ ಹಾಕುವುದು ಬೇಡ. ಕೈಯಲ್ಲಿ ಅರ್ಜಿ ಇರಲಿ, ಅದರ ಎರಡು ಪ್ರತಿ ಇರಲಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸಿಕ್ಕಾ, ಸಹಿ, ತಾರೀಖು ನಮಗೆ. ಇಸಿದುಕೊಳ್ಳದಿದ್ದರೆ ಅಂಚೆ ಕಚೇರಿ ಇದೆ, ರಿಜಿಸ್ಟರ್ ಮಾಡಿ ಕಳಿಸಿ. ಆ ರಸೀದಿಯನ್ನು ಬಂಗಾರದಂತೆ ಜೋಪಾನ ಮಾಡಿ.

"ಕಟ್ಕೋ, ನಾ ನೋಡ್ಕೋತೀನಿ" ಅಂದವನಿಗೆ ಒಂದೇ ಮಾತು ಹೇಳಿ: "ಬರದು ಕೊಡು!"

"ಆಗಂಗಿಲ್ಲ" ಅಂದವರಿಗೂ ಅದೇ ಮಾತು ಹೇಳಿ: "ಬರದು ಕೊಡ್ರಿ!"

ಕಾಯಕವೇ ದೊಡ್ಡದು ಅಂತ ಜಗತ್ತಿಗೆ ಹೇಳಿದ ಬಸವಣ್ಣ ಹುಟ್ಟಿದ ಬಾಗೇವಾಡಿಯ ಮಣ್ಣು ನಮ್ಮದು. 2024ರ ಜನವರಿಯಲ್ಲಿ ಸರಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಸಾರಿತು. ಪಟ ಗೋಡೆಯ ಮೇಲೆ ಬಂತು. ಪಟದ ಕೆಳಗೆ ಕೂತವರು ಬಂದ ಅರ್ಜಿಗೆ ಉತ್ತರ ಬರೆಯುವುದೂ ಕಾಯಕವೇ. ಆ ಉತ್ತರವನ್ನು ಕೇಳಿ ಪಡೆಯುವುದು ನಮ್ಮ ಕಾಯಕ.

ನನ್ನ ಮಗನ ಖೋಲಿ ಇನ್ನೂ ನೋಟಿಸಿನ ಕೆಳಗಿದೆ. ಈ ಸಲ ನಾನು ಅರ್ಜಿ ಬರೆದಿದ್ದೇನೆ, ಎರಡು ಪ್ರತಿ ಮಾಡಿಸಿದ್ದೇನೆ. ಸೋಮವಾರ ಸಾಲಿನಲ್ಲಿ ನಾನೂ ಇರುತ್ತೇನೆ.

ನೀವೂ ಬರ್ರಿ. ಕೈಯಾಗ ಅರ್ಜಿ ಹಿಡಕೊಂಡು ಬರ್ರಿ. ಸಿಕ್ಕಾ ಬೀಳೂತನಕ ಮನಿಗೆ ಹೋಗಬ್ಯಾಡ್ರಿ!

ಇಂತಿ,
ನಿಮ್ಮಂತೆಯೇ ಒಂದು ಖೋಲಿಗಾಗಿ ಕಾದು ನೊಂದವರು

(ಓದಿದ ಮೇಲೆ ಬಿಸಾಡಬೇಡಿ. ಬಾಜೂ ಮನೆಯವರಿಗೆ ಕೊಡಿ.)